ಗುಬ್ಬಿಗೆ ಹೋದ ಕೆಂಪು ಕಾಲುಚೀಲಗಳು

ನಾನು ನಮ್ಮ ಯಜಮಾನರಿಗೆ ಹೊಲಿದುಕೊಟ್ಟ ಪೈಜಾಮವನ್ನು ತುಮಕೂರಿನ ಜನ ಮರೆಯಲಿ ಅಂತ ನಾನು ಹತ್ತು ವರ್ಷದಿಂದ ಕಾಯುತ್ತಿದ್ದೇನೆ. ಯಾರೂ ಮರೆತಿಲ್ಲ. ಪೈಜಾಮಕ್ಕೆ ಎರಡು ಕಾಲಿರಬೇಕೆಂಬ ಮೂಲಭೂತ ತತ್ತ್ವವನ್ನು ನಾನೇನೂ ಮೀರಿರಲಿಲ್ಲ. ಎರಡೂ ಇದ್ದವು. ಆದರೆ ಎರಡೂ ಎಡಗಾಲೇ ಆಗಿಬಿಟ್ಟಿದ್ದವು (ಹೊಲಿಯುವಾಗ ಬಟ್ಟೆ ತಿರುಗಿಸಿಕೊಂಡಿದ್ದರೆ ಆಗುತ್ತಿತ್ತು, ಆದರೆ ಒಲೆಯ ಮೇಲೆ ಹಾಲಿತ್ತು). ಅದನ್ನು ತೊಟ್ಟು ಯಜಮಾನರು ಹಿತ್ತಿಲ ಕಡೆ ಹೊರಟರೆ ತಾವಾಗಿಯೇ ಎಡಕ್ಕೆ ಎಳೆದುಕೊಂಡು ಹೋಗಿ ಎಡಗಡೆಯ ನೆರೆಯವರಾದ ಹಜರಾ ಬೀ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಬನ್ನಿ ಭಾಯಿ, ಇವತ್ತೂ ಪೈಜಾಮ ಹಾಕಿದೀರಾ?" ಅಂತ ಹಜರಾ ಬೀ ಒಳಗಿನಿಂದಲೇ ಕೇಳುತ್ತಿದ್ದರು.

ಆಗಲೂ ನಾವು ಶಿರಾ ಗೇಟಿನ ಹತ್ತಿರ ಇದೇ ಚಂದ್ರಶೇಖರಯ್ಯನವರ ವಠಾರದಲ್ಲಿದ್ದೆವು. ಐವತ್ತೆಂಟನೇ ಇಸವಿ. ಮದುವೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷೀನನ್ನು ನಮ್ಮಪ್ಪ ಕುಣಿಗಲ್ಲಿಂದ ಬಸ್ಸಿನ ಟಾಪಿನ ಮೇಲೆ ಹಾಕಿಸಿ ಕಳಿಸಿದ್ದರು. ಹೊಲಿಗೆ ಕ್ಲಾಸಿನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನಾನೇ ತಗುಲಿಹಾಕಿದ್ದೆ. ಅದೂ ಸ್ವಲ್ಪ ಎಡಕ್ಕೇ ವಾಲಿತ್ತು ಅನ್ನುವುದು ಯಜಮಾನರ ಅಭಿಪ್ರಾಯ.

ನಮ್ಮ ಅತ್ತೆ ತುಳಸಮ್ಮನವರ ಅಭಿಪ್ರಾಯ ಇನ್ನೂ ಚಿಕ್ಕದು. "ಮೆಷೀನು ಚೆನ್ನಾಗಿದೆ ಕಣೇ ಶಾರದ. ಅದರ ಶಬ್ದಕ್ಕೆ ಬೆಕ್ಕು ಒಳಗೆ ಬರ್ತಿಲ್ಲ."

ಅತ್ತೆ ಮಡಿ ಹೆಂಗಸು. ಕೆಂಪು ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಸದಾ ಒಂದು ಸೂಜಿ. ಹಳೇ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವುದು ಅವರ ಕಸುಬು. ಜೋಡಿ ಎಳೆಯ ಬಿಳಿ ದಾರದಲ್ಲಿ ಅವರು ಒಂದು ಸಲ ಹೊಲಿಗೆ ಹಾಕಿದರೆ ಬಟ್ಟೆ ಹರಿದೀತೇ ಹೊರತು ಹೊಲಿಗೆ ಬಿಡುತ್ತಿರಲಿಲ್ಲ. ಕಣ್ಣು ಮಂಜಾಗಿದ್ದರಿಂದ ಹೊಲಿಗೆ ಸೊಟ್ಟಗೆ ಹೋಗುತ್ತಿತ್ತು. ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಸೊಟ್ಟಗೆ ಹೊಲಿದರೆ ಮಾತ್ರ ಇಡೀ ವಠಾರವೇ ನೋಡಲು ಬರುತ್ತಿತ್ತು! ಇದೆಂಥ ನ್ಯಾಯವೋ ನಾನು ಕಾಣೆ.

ಅತ್ತೆಯ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವರು ಪಕ್ಕದ ಮನೆಯ ಕರುಣಮ್ಮ ಟೀಚರ್. ಪಾದ್ರಿಗಳ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು, ಒಂಟಿ ಜೀವ. ಅತ್ತೆ ಅವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಆದರೆ ಮೋಟುಗೋಡೆಯ ಈಚೆಗೆ ಇವರು, ಆಚೆಗೆ ಅವರು ಕೂತರೆ ಸಾಯಂಕಾಲ ದೀಪ ಹಚ್ಚುವವರೆಗೂ ಮಾತು ಮುಗಿಯುತ್ತಿರಲಿಲ್ಲ.

ಆ ವರ್ಷ ಕಾರ್ತಿಕ ಮುಗಿಯುವ ಹೊತ್ತಿಗೆ ಕರುಣಮ್ಮ ಬಾವಿಕಟ್ಟೆಯಲ್ಲಿ ಜಾರಿ ಬಲಗೈ ಮುರಿದುಕೊಂಡರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕುತ್ತಿಗೆಗೆ ಜೋಲಿ ಕಟ್ಟಿಕೊಂಡು ಒಂದು ದಿನ ನಮ್ಮ ಬಾಗಿಲಿಗೆ ಬಂದರು. ಕಣ್ಣು ಕೆಂಪಾಗಿತ್ತು.

"ಶಾರದಮ್ಮ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು. ನಿಮ್ಮ ಹತ್ರ ಮೆಷೀನಿದೆಯಲ್ಲ."

ಇಡೀ ವಠಾರದಲ್ಲಿ ಯಾರೊಬ್ಬರೂ ಅದುವರೆಗೆ ನನ್ನ ಮೆಷೀನನ್ನು ನಂಬಿ ಬಂದಿರಲಿಲ್ಲ. ನಾನು ಅಲ್ಲೇ ಅರ್ಧ ಕರಗಿಹೋದೆ.

ವಿಷಯ ಇಷ್ಟು. ಕರುಣಮ್ಮ ತಾಯಿ ತಂದೆ ಇಲ್ಲದೆ ಗುಬ್ಬಿಯ ಒಂದು ಮಕ್ಕಳ ಮನೆಯಲ್ಲಿ ಬೆಳೆದವರು. ಅಲ್ಲಿ ಕ್ರಿಸ್‌ಮಸ್ ಬೆಳಗ್ಗೆ ಪ್ರತಿ ಮಗುವಿನ ಹೆಸರಿಗೂ ಗೋಡೆಯ ಮೊಳೆಗೆ ಒಂದೊಂದು ಕೆಂಪು ಕಾಲುಚೀಲ ತೂಗುಹಾಕುತ್ತಾರೆ. ಅದರೊಳಗೆ ಒಂದು ಆಟದ ಸಾಮಾನು, ಒಂದಿಷ್ಟು ಸಿಹಿ. ಕೆಲಸ ಸಿಕ್ಕಿದ ವರ್ಷದಿಂದ ಅಷ್ಟೂ ಚೀಲಗಳನ್ನು ಕರುಣಮ್ಮನೇ ಕೈಯಿಂದ ಹೊಲಿದು ಒಯ್ಯುತ್ತಿದ್ದರು. ಒಂದು ವರ್ಷವೂ ತಪ್ಪಿಸಿರಲಿಲ್ಲ.

"ಪಾದದ ತುದೀಲಿ ಒಂದು ಕಿತ್ತಳೆ ಹಣ್ಣು ಇರ್ಬೇಕು," ಅಂದರು. "ನನಗೆ ಸಿಕ್ಕಿದ ಮೊದಲನೇ ಚೀಲದಲ್ಲಿ ಹಾಗಿತ್ತು. ಎಲ್ಲಾ ಮುಗೀತು ಅಂದ್ಕೊಂಡು ಕೈ ಹಾಕಿದ್ರೆ, ಇನ್ನೊಂದಿರುತ್ತೆ ನೋಡಿ. ಆ ಸಂತೋಷ ಆ ಮಕ್ಕಳಿಗೆ ಇನ್ಯಾವುದರಲ್ಲೂ ಸಿಗಲ್ಲ. ಈ ವರ್ಷ ಬೆಳಗ್ಗೆ ಎದ್ದು ನೋಡ್ತವೆ, ಗೋಡೆ ಮೇಲೆ ಬರೀ ಮೊಳೆ ಇರುತ್ತೆ."

"ಅಷ್ಟೇ ತಾನೆ? ನಾನಿದೀನಿ," ಅಂದುಬಿಟ್ಟೆ. ಒಳಗಿನಿಂದ ಯಜಮಾನರು ಕೆಮ್ಮಿದ್ದು ಕೇಳಿಸಿತು.

ಕರುಣಮ್ಮ ಅತ್ತ ಹೋಗುತ್ತಲೇ ಅವರು ಹೊರಗೆ ಬಂದರು.

"ಶಾರದ, ನೀನು ಈ ಮೊದಲು ಕ್ರಿಸ್‌ಮಸ್ ಕಾಲುಚೀಲ ನೋಡಿದ್ದೀಯಾ?"

"ಇಲ್ಲ."

"ಬೇರೆ ಯಾವುದಾದ್ರೂ ಕಾಲುಚೀಲ ಹೊಲಿದಿದ್ದೀಯಾ?"

"ಕಾಲುಚೀಲ ಅಂದ್ರೆ ಪೈಜಾಮದ ತಮ್ಮ ಇದ್ದ ಹಾಗೆ. ಹೊಲಿದ್ರಾಯ್ತು."

"ಅದೇ ನನಗೆ ಹೆದರಿಕೆ," ಅಂತ ಹೇಳಿ ಕಚೇರಿಗೆ ಹೊರಟುಹೋದರು.

ಆ ದಿನವೇ ಶಿರಾ ಗೇಟಿನ ಜಹೀರ್ ಅಹಮದರ ಕಟ್‌ಪೀಸ್ ಅಂಗಡಿಗೆ ಹೋದೆ. ಕೆಂಪು ಬಟ್ಟೆ ಅಂದಾಗ ಅವರು ಮೂಲೆಯಿಂದ ಒಂದು ದಪ್ಪ ಥಾನು ಎಳೆದರು. ಉಣ್ಣೆ ಬೆರೆತ ಫ್ಲಾನೆಲ್ಲು, ಅಂಚಿಗೆ ಒಂದಿಷ್ಟು ನುಸಿ ತಿಂದಿತ್ತು.

"ಇಷ್ಟೊಂದು ಕೆಂಪು ಯಾಕಮ್ಮಾ? ಯಾವ ಪಾರ್ಟಿ ಮೀಟಿಂಗು?"

ಗುಬ್ಬಿಯ ಮಕ್ಕಳ ವಿಷಯ ಹೇಳಿದೆ. ಅವರು ಗಜಕೋಲು ಕೆಳಗಿಟ್ಟು ಥಾನು ಥಾನನ್ನೇ ಸುತ್ತಿ ನನ್ನ ಕಂಕುಳಿಗೆ ಕೊಟ್ಟರು. "ನುಸಿ ತಿನ್ನೋ ಬದ್ಲು ಮಕ್ಳಿಗಾಗ್ಲಿ, ತಗೊಂಡೋಗಿ. ಪೈಜಾಮ ಮಾತ್ರ ಹೊಲೀಬೇಡಿ ತಾಯಿ." ಸುದ್ದಿ ಅಲ್ಲಿಯವರೆಗೂ ಹೋಗಿತ್ತು.

ಮನೆಗೆ ಬಂದವಳೇ ಟೊಂಕ ಕಟ್ಟಿ ಕೂತೆ. ಮೊದಲ ಕಾಲುಚೀಲವನ್ನು ಎದುರು ಮನೆ ಮಗುವಿನ ಪಾದದ ಅಳತೆ ತೆಗೆದುಕೊಂಡು, ಹಿಮ್ಮಡಿಗೆ ಒಂದು ಗುಂಡನೆಯ ಮಡಿಕೆ ಕೊಟ್ಟು, ಬಲಗಾಲಿಗೊಂದು ಎಡಗಾಲಿಗೊಂದು ಅಂತ ಜೋಡಿಯಾಗಿ ಹೊಲಿದೆ. ಈ ಸಲ ಬಟ್ಟೆ ತಿರುಗಿಸಿಕೊಳ್ಳುವುದನ್ನು ಮರೆಯಲಿಲ್ಲ (ಹಾಲನ್ನು ಮೊದಲೇ ಇಳಿಸಿದ್ದೆ). ಎರಡನ್ನೂ ಒಂದು ದಾರದಲ್ಲಿ ಕಟ್ಟಿ ಹೆಮ್ಮೆಯಿಂದ ಕರುಣಮ್ಮನ ಮುಂದೆ ಹಿಡಿದೆ.

ಅವರು ನೋಡಿದರು. ನಗು ತಡೆಯಲು ನೋಡಿದರು, ಆಗಲಿಲ್ಲ. ನಕ್ಕು ನಕ್ಕು ಪ್ಲಾಸ್ಟರಿನೊಳಗೆ ಕೈ ನೋಯತೊಡಗಿತು.

"ಶಾರದಮ್ಮ, ಇದನ್ನ ಯಾರೂ ಹಾಕ್ಕೊಳಲ್ಲ. ಒಂದು ಮಗೂಗೆ ಒಂದೇ ಸಾಕು. ಇನ್ನೂ ಇಷ್ಟು ಅಗಲ ಇರ್ಬೇಕು, ಬುಗುರಿ ಹಿಡಿಸ್ಬೇಕು."

ಒಂಟಿ ಕಾಲುಚೀಲ! ಯಾರೂ ಹಾಕಿಕೊಳ್ಳದ, ಒಂದೇ ಕಾಲಿನ, ದೊಗಳೆ ಕಾಲುಚೀಲ! ಇಷ್ಟು ಸುಲಭದ ಹೊಲಿಗೆ ಪ್ರಪಂಚದಲ್ಲಿದೆ ಅಂತ ನನಗೆ ಯಾಕೆ ಯಾರೂ ಮೊದಲೇ ಹೇಳಲಿಲ್ಲ ಅನ್ನಿಸಿತು. ಅಂದಿನಿಂದ ನನ್ನ ಮೆಷೀನು ನಿಲ್ಲಲಿಲ್ಲ. ಬೆಕ್ಕು ವಠಾರವನ್ನೇ ಬಿಟ್ಟು ಹೋಯಿತು.

ವಠಾರವೂ ಸುಮ್ಮನಿರಲಿಲ್ಲ. ಹಜರಾ ಬೀ ಚೂರು ಬಟ್ಟೆ ತುಂಬಿ ಹೆಣ್ಣುಮಕ್ಕಳಿಗೆ ಬೊಂಬೆ ಮಾಡಿದರು, ಹಳೇ ಶರ್ಟಿನ ಗುಂಡಿಗಳೇ ಕಣ್ಣು. ಅವರ ಯಜಮಾನರು ಇಸಾಕ್ ಸಾಬ್ ಬಡಗಿ, ಉಳಿದ ಮರದ ತುಂಡಿನಲ್ಲಿ ಬುಗುರಿ ಕಡೆದುಕೊಟ್ಟರು. ನಮ್ಮ ಯಜಮಾನರು ಖಾಲಿ ಬೆಂಕಿಪೊಟ್ಟಣಗಳನ್ನು ಅಂಟಿಸಿ ರೈಲು ಮಾಡತೊಡಗಿದರು. ಒಂದೊಂದು ರೈಲನ್ನೂ ಮುಗಿಸಿ ನೆಲದ ಮೇಲೆ ಓಡಿಸಿ, ಬಾಯಲ್ಲಿ ಕೂಗು ಹಾಕಿ ಪರೀಕ್ಷೆ ಮಾಡುತ್ತಿದ್ದರು. ಪರೀಕ್ಷೆ ಬಹಳ ಹೊತ್ತು ನಡೆಯುತ್ತಿತ್ತು.

ಉಳಿದದ್ದು ಸಿಹಿ. ಕೊಬ್ಬರಿ ಮಿಠಾಯಿ ಅಂದರೆ ನಮ್ಮ ಅತ್ತೆಯದು. ಅಡುಗೆಮನೆ ಹೊಸಿಲಲ್ಲಿ ನಿಂತು ಮೆಲ್ಲಗೆ ಶುರುಮಾಡಿದೆ.

"ಅತ್ತೆ, ಆ ಮಕ್ಕಳ ಚೀಲಕ್ಕೆ ಸ್ವಲ್ಪ ಕೊಬ್ಬರಿ ಮಿಠಾಯಿ ಮಾಡಿಕೊಡ್ತೀರಾ?"

"ಯಾವ ಚೀಲ?"

"ಕಾಲುಚೀಲ."

"ಕಾಲಿಗೆ ಹಾಕೋ ಚೀಲದಲ್ಲಿ ಬಾಯಿಗೆ ಹಾಕೋ ಪದಾರ್ಥವೇ? ಶಿವ ಶಿವಾ!"

"ಹೊಸಾದು ಅತ್ತೆ. ಯಾರೂ ಹಾಕ್ಕೊಂಡಿಲ್ಲ. ಹಾಕ್ಕೊಳೋದೂ ಇಲ್ಲ."

"ಯಾರೂ ಹಾಕ್ಕೊಳದೇ ಇರೋದಕ್ಕೆ ಕಾಲಿನ ಆಕಾರ ಯಾಕೇ?"

ಬ್ರಹ್ಮಾಸ್ತ್ರ ತೆಗೆದೆ. "ಬಟ್ಟೆ ಉಣ್ಣೇದು ಅತ್ತೆ. ಉಣ್ಣೆಗೆ ಮೈಲಿಗೆ ಇಲ್ಲ ಅಂತ ನೀವೇ ಹೇಳ್ತೀರಿ."

ಅತ್ತೆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದರು. ಉಣ್ಣೆ ಅಂತ ಅವರ ಬೆರಳಿಗೂ ಗೊತ್ತಾಯಿತು.

"ಬಟ್ಟೆಗೆ ಮೈಲಿಗೆ ಇಲ್ಲ, ಒಪ್ಪಿದೆ. ಆದ್ರೆ ಪಾದ ಪಾದವೇ ಕಣೇ. ನಾಳೆ ನೀನು ಬೆಳ್ಳೀಲಿ ಚಪ್ಪಲಿ ಮಾಡಿಸಿ ಅದರಲ್ಲಿ ಪಾಯಸ ಬಡಿಸ್ತೀಯ. ಹೊಸಾದು ಅತ್ತೆ, ಬೆಳ್ಳಿ ಅತ್ತೆ ಅಂತೀಯ. ತಿನ್ನಕ್ಕಾಗುತ್ತಾ?"

"ಅಮ್ಮ ಹೇಳೋದ್ರಲ್ಲಿ ಪಾಯಿಂಟ್ ಇದೆ," ಅಂದರು ಯಜಮಾನರು ರೈಲಿನ ಮೇಲಿನಿಂದ ತಲೆ ಎತ್ತಿ.

"ನಿಮ್ಮ ರೈಲು ನೋಡ್ಕೊಳ್ಳಿ," ಅಂದೆ.

ಮಿಠಾಯಿ ಇಲ್ಲದೆ ಬರೀ ಕಿತ್ತಳೆಯಿಂದಲೇ ಸುಧಾರಿಸಬೇಕೇನೋ ಅಂದುಕೊಂಡು ಸುಮ್ಮನಾದೆ. ಆ ಸಾಯಂಕಾಲ ಅತ್ತೆ ಮೋಟುಗೋಡೆಯ ಹತ್ತಿರ ಕೂತು ಕರುಣಮ್ಮನನ್ನು ಕೇಳುತ್ತಿದ್ದರು. ಧನುರ್ಮಾಸ ಹತ್ತಿರ ಬಂದಿತ್ತು, ಗಾಳಿ ಶೀತ. ಪ್ರತಿ ವರ್ಷ ಆ ತಿಂಗಳು ನಸುಕಿನಲ್ಲೆದ್ದು ತಣ್ಣೀರು ಮೀಯುವ ಅತ್ತೆಗೆ ಕಿವಿನೋವು ತಪ್ಪದು. ಆಗಲೇ ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡಿದ್ದರಿಂದ ಜೋರಾಗಿ ಮಾತಾಡುತ್ತಿದ್ದರು.

"ಆ ಮಕ್ಕಳಿಗೆ ತಾಯಿ ತಂದೆ ಇಲ್ಲ, ಸರಿ. ಅಜ್ಜಿ ಅಂತ ಯಾರೂ ಇಲ್ವಾ?"

"ಇದ್ದಿದ್ರೆ ಅಲ್ಲಿ ಯಾಕೆ ಇರ್ತಿದ್ವು ಅಜ್ಜಿ?" ಅಂದರು ಕರುಣಮ್ಮ.

ಅತ್ತೆ ಎದ್ದು ಒಳಗೆ ಬಂದರು. ಮಾರನೆಯ ಬೆಳಗ್ಗೆ ನೋಡಿದರೆ ಅಡುಗೆಮನೆಯಲ್ಲಿ ಕೊಬ್ಬರಿಯ ಗುಡ್ಡ, ಬೆಲ್ಲದ ಪಾಕದ ವಾಸನೆ.

"ಏನತ್ತೆ ಇದು?"

"ನಿನ್ನ ತಂಗಿ ಸೀಮಂತಕ್ಕೆ ಕುಣಿಗಲ್‌ಗೆ ಹೋಗ್ಬೇಕಲ್ಲ, ಹೋಗಿ ಬಾ. ಚೀಲಕ್ಕೆ ತುಂಬೋ ಕೆಲಸ ನನಗೆ ಬಿಡು."

"ಮತ್ತೆ ಆ ಪಾದ..."

"ನನಗೆ ಬಿಡು ಅಂದ್ನಲ್ಲ."

ಗೆದ್ದೆ ಅಂದುಕೊಂಡೆ. ಮಡಿ ಅತ್ತೆಯ ಮನಸ್ಸು ಕರಗಿಸಿದ ಸೊಸೆ ಅಂತ ಕುಣಿಗಲ್ಲಿನಲ್ಲಿ ಸೀಮಂತಕ್ಕೆ ಬಂದವರಿಗೆಲ್ಲ ಹೇಳಿಕೊಂಡೆ. ನನ್ನ ಹೊಲಿಗೆಯ ಕೀರ್ತಿ ಗುಬ್ಬಿಯವರೆಗೂ ಹಬ್ಬುವುದೆಂದು ನಮ್ಮಮ್ಮನಿಗೆ ತಿಳಿಸಿದೆ. "ಪೈಜಾಮ ಏನಾಯ್ತೇ?" ಅಂದರು ನಮ್ಮಮ್ಮ. ತವರೂ ಹೀಗೆ.

ವಾಪಸು ಬರುವ ಹೊತ್ತಿಗೆ ಎಲ್ಲ ಸಿದ್ಧವಾಗಿತ್ತು. ದೊಡ್ಡ ಬಿದಿರು ಬುಟ್ಟಿಯಲ್ಲಿ ಕೆಂಪು ಚೀಲಗಳು ಒತ್ತೊತ್ತಾಗಿ ಮಲಗಿದ್ದವು. ಬಾಯಿಗೆ ದಾರ ಬಿಗಿದಿತ್ತು. ಹೊಟ್ಟೆ ತುಂಬಿ ಉಬ್ಬಿದ್ದವು. ಪಾದಗಳು ಮಾತ್ರ ಯಾಕೋ ಸ್ವಲ್ಪ ಸೊರಗಿದ ಹಾಗೆ ಜೋತುಬಿದ್ದಿದ್ದವು. ಬಸ್ಸಿನಲ್ಲಿ ಕೂತು ಕಣ್ಣಿಗೆ ಧೂಳು ಬಿದ್ದಿದ್ದರಿಂದ ಅದನ್ನು ನಾನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ದಿನ ಕರುಣಮ್ಮನನ್ನು ಕರೆದುಕೊಂಡು ನಾನು ಗುಬ್ಬಿಯ ರೈಲು ಹತ್ತಿದೆ. ಕೈ ಮುರಿದವರಿಗೆ ಬುಟ್ಟಿ ಹೊರಲು ಯಾರಾದರೂ ಬೇಕಲ್ಲ ಅನ್ನುವುದು ಮನೆಯಲ್ಲಿ ಹೇಳಿದ ಕಾರಣ. ನನ್ನ ಹೊಲಿಗೆಗೆ ಸಿಗುವ ಹೊಗಳಿಕೆಯನ್ನು ಕಿವಿಯಾರೆ ಕೇಳಬೇಕು ಅನ್ನುವುದು ನಿಜವಾದ ಕಾರಣ. ದಾರಿಯುದ್ದಕ್ಕೂ ಇಂಜಿನ್ನಿನ ಹೊಗೆ ಮುಖಕ್ಕೆ ಬಡಿಯುತ್ತಿತ್ತು, ಬುಟ್ಟಿಯಿಂದ ಏಲಕ್ಕಿ ಪರಿಮಳ ಬರುತ್ತಿತ್ತು. ಕರುಣಮ್ಮ ಚಿಕ್ಕ ಹುಡುಗಿಯ ಹಾಗೆ ಕಿಟಕಿಗೆ ಅಂಟಿಕೊಂಡಿದ್ದರು. ಅವರನ್ನು ಹಾಗೆ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಾರನೆಯ ಬೆಳಗ್ಗೆ ಮಕ್ಕಳು ಪ್ರಾರ್ಥನೆ ಮುಗಿಸಿ ಹಜಾರಕ್ಕೆ ನುಗ್ಗಿದವು. ಗೋಡೆಯುದ್ದಕ್ಕೂ ಮೊಳೆ ಮೊಳೆಗೂ ನನ್ನ ಕಾಲುಚೀಲ! ಥಂಡಿಗೆ ನಡುಗುತ್ತ, ಬರಿಗಾಲಲ್ಲಿ, ಎಣ್ಣೆ ಹಚ್ಚಿ ಬಾಚಿದ ತಲೆಗಳು. ಒಬ್ಬೊಬ್ಬರ ಹೆಸರು ಕೂಗಿದಂತೆ ಕರುಣಮ್ಮ ಎಡಗೈಯಲ್ಲಿ ಚೀಲ ಇಳಿಸಿ ಕೊಟ್ಟರು. ದಾರ ಬಿಚ್ಚಿದ್ದೇ ತಡ, ಕಿತ್ತಳೆ ಹಣ್ಣು ಮೊದಲು ಉರುಳಿ ಬಿತ್ತು. ಆಮೇಲೆ ಬುಗುರಿ, ಬೊಂಬೆ, ರೈಲು, ಬಾಳೆಲೆಯಲ್ಲಿ ಕಟ್ಟಿದ ಮಿಠಾಯಿ.

ಕರುಣಮ್ಮನ ಮುಖ ಬದಲಾಯಿತು. "ಕಿತ್ತಳೆ ಮೇಲಿದೆಯಲ್ಲ ಶಾರದಮ್ಮ?"

"ಕೆಳಗೆ ಇನ್ನೊಂದು ಇರ್ಬೇಕು," ಅಂದೆ ಧೈರ್ಯವಾಗಿ.

ಸುವಾರ್ತ ಅಂತ ಒಂದು ಪುಟ್ಟ ಹುಡುಗಿ, ಮುಂದಿನ ಹಲ್ಲು ಬಿದ್ದದ್ದು, ಪಾದದ ತನಕ ಕೈ ತೂರಿಸಲು ನೋಡಿತು. ಹೋಗಲಿಲ್ಲ. ಮತ್ತೆ ತೂರಿಸಿತು. "ಟೀಚರ್, ಒಳಗೆ ಬಾಗಿಲು ಹಾಕ್ಬುಟ್ಟವ್ರೆ," ಅಂದಿತು.

ಕರುಣಮ್ಮ ಚೀಲವನ್ನು ತಿರುವಿ ಹಾಕಿದರು. ಕಣಕಾಲಿನ ಜಾಗದಲ್ಲಿ, ಉಣ್ಣೆಯ ನವಿರಿನಲ್ಲಿ ಹೊರಗೆ ಕಾಣದಂತೆ ಹುದುಗಿ, ಈ ಅಂಚಿನಿಂದ ಆ ಅಂಚಿಗೆ, ಜೋಡಿ ಎಳೆಯ ಬಿಳಿ ದಾರದಲ್ಲಿ ಒಂದು ಅಡ್ಡ ಹೊಲಿಗೆ. ಸೊಟ್ಟಗೆ, ಆದರೆ ಆನೆ ಎಳೆದರೂ ಬಿಡದಷ್ಟು ಬಿಗಿಯಾಗಿ. ಆ ಹೊಲಿಗೆಯ ಕೌದಿ ಹೊದ್ದು ನಾನು ದಿನಾ ಮಲಗುತ್ತಿದ್ದೆ, ನನಗೆ ಗುರುತು ಸಿಗದೆ ಇರುತ್ತದೆಯೇ? ಇನ್ನೊಂದು ತಿರುವಿದರು, ಅದರಲ್ಲೂ. ಎಲ್ಲದರಲ್ಲೂ.

ಅತ್ತೆಯ ಲೆಕ್ಕಾಚಾರ ಆಗ ನನಗೆ ಹೊಳೆಯಿತು. ಕಣಕಾಲಿನಿಂದ ಕೆಳಗೆ ಕಾಲು, ಮೇಲೆ ಚೀಲ. ಮಧ್ಯೆ ಒಂದು ಗಡಿ ಹಾಕಿಬಿಟ್ಟರೆ ಪಾದದ ಮೈಲಿಗೆ ಮಿಠಾಯಿಗೆ ತಗುಲುವುದಿಲ್ಲ!

ಕರುಣಮ್ಮ ಆ ಚೀಲವನ್ನು ಮೊದಲಿನ ಹಾಗೆ ತಿರುವಿ ಸುವಾರ್ತಳ ಕೈಗೆ ಕೊಟ್ಟರು. ಮಕ್ಕಳ ಮನೆಯ ಹಿರಿಯರು ನನ್ನ ಕಡೆ ನೋಡಿದರು. ಹೊಗಳಿಕೆ ಕೇಳಲು ತಂದಿದ್ದ ಕಿವಿಗಳು ಬಿಸಿಯಾದವು. ಅಷ್ಟು ವರ್ಷ ತಪ್ಪದೆ ನಡೆದದ್ದನ್ನು ನಮ್ಮ ಮನೆಯವರೇ ಕೆಡಿಸಿದೆವಲ್ಲ ಅಂತ ನನಗೆ ನಿಜವಾಗಿಯೂ ಅಳು ಬಂತು.

ಅಷ್ಟರಲ್ಲಿ ಸುವಾರ್ತ ತನ್ನ ಖಾಲಿ ಚೀಲವನ್ನು ಮೂಸಿ ನೋಡಿತು, ಕೆನ್ನೆಗೆ ಒತ್ತಿಕೊಂಡಿತು, ಬೆಚ್ಚಗಿದೆ ಅನ್ನಿಸಿತೋ ಏನೋ, ಎರಡು ಕೈಯಲ್ಲಿ ಬಾಯಗಲಿಸಿ ತಲೆಗೆ ಹಾಕಿಕೊಂಡುಬಿಟ್ಟಿತು. ಕಿವಿ ಮುಚ್ಚುವಷ್ಟು ಸರಿಯಾಗಿ ಕೂತಿತು. ಒಳಗೆ ಅಡ್ಡ ಹೊಲಿಗೆ ಇದ್ದದ್ದರಿಂದ ನೆತ್ತಿಯ ಮೇಲೆ ನಿಂತಿತು. ಮಿಕ್ಕ ಪಾದ ಎಡಗಿವಿಯ ಮೇಲೆ ಠೀವಿಯಿಂದ ಜೋತುಬಿತ್ತು.

"ಕುಲಾವಿ ಕಣ್ರೋ!" ಅಂತ ಯಾರೋ ಕೂಗಿದರು.

ಒಂದು ಗಳಿಗೆಯಲ್ಲಿ ಹಜಾರದ ತುಂಬ ಕೆಂಪು ಕುಲಾವಿಗಳು. ಎಲ್ಲವೂ ಎಡಗಿವಿಯ ಮೇಲೆ ಒಂದೊಂದು ಪಾದ ಇಳಿಬಿಟ್ಟುಕೊಂಡು ಅಂಗಳಕ್ಕೆ ಓಡಿದವು. ಬುಗುರಿಗಳು ತಿರುಗಿದವು, ರೈಲುಗಳು ಕೂಗಿದವು. ಅಷ್ಟು ಹೊತ್ತು ಥಂಡಿಗೆ ಮುದುಡಿಕೊಂಡಿದ್ದ ಮಕ್ಕಳೇ ಇವು ಅನ್ನುವಂತಿರಲಿಲ್ಲ.

ಕರುಣಮ್ಮ ಮೆಟ್ಟಿಲ ಮೇಲೆ ಕೂತರು. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು. "ನೋಡಿದ್ರಾ ಶಾರದಮ್ಮ? ಎಲ್ಲಾ ಮುಗೀತು ಅಂದ್ಕೊಂಡೆ. ಇನ್ನೊಂದಿತ್ತು."

ಅಲ್ಲಿದ್ದವರೆಲ್ಲ ಬಂದು ಹೊಗಳಿದರು. ಟೋಪಿ ಹೊಲಿದ ಪುಣ್ಯಾತ್ಮರು ಯಾರು ಅಂತ ಕೇಳಿದರು. ನಾನು ಸೆರಗು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಕರುಣಮ್ಮ ಹೇಳಿದರು, "ತುಳಸಮ್ಮಜ್ಜಿ ಅಂತ ನಮ್ಮ ವಠಾರದಲ್ಲಿದ್ದಾರೆ. ಮಿಠಾಯೀನೂ ಅವರದೇ." ನಾನು ಸೆರಗನ್ನು ಮತ್ತೆ ಮೊದಲಿನ ಹಾಗೆ ಮಾಡಿಕೊಂಡೆ.

ಮನೆಗೆ ಬಂದ ಕೂಡಲೇ ವಿಚಾರಣೆಗೆ ನಿಂತೆ. "ಅತ್ತೆಯ ಸೂಜಿಗೆ ದಾರ ಪೋಣಿಸಿಕೊಟ್ಟದ್ದು ಯಾರು? ಕರುಣಮ್ಮನಿಗಂತೂ ಕೈಯಿಲ್ಲ."

ಯಜಮಾನರು ಪೇಪರಿನ ಹಿಂದೆ ಮರೆಯಾದರು. "ಅಮ್ಮ ಕೇಳಿದ್ರು, ಪೋಣಿಸಿದೆ. ಸೂಜಿ ಯಾವ ಉದ್ದೇಶಕ್ಕೆ ಅಂತ ಕೇಳೋಕೆ ನಾನೇನು ಮ್ಯಾಜಿಸ್ಟ್ರೇಟಾ?"

ಅತ್ತೆಗೆ ಪಶ್ಚಾತ್ತಾಪದ ಲವಲೇಶವೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದೇ ಸಮಾಚಾರ. "ಮಕ್ಕಳು ಮಿಠಾಯಿ ತಿಂದ್ವಾ?"

"ತಿಂದ್ವು. ಚೀಲಾನ ತಲೆಗೆ ಹಾಕ್ಕೊಂಡ್ವು."

"ಜಾಣ ಮಕ್ಕಳು," ಅಂದರು ಅತ್ತೆ.

ಬುಟ್ಟಿಯ ತಳದಲ್ಲಿ ಒಂದು ಕುಲಾವಿ ಇತ್ತು. ಸುವಾರ್ತ ಹಟ ಮಾಡಿ ತನ್ನದನ್ನೇ ಮಿಠಾಯಿ ಅಜ್ಜಿಗೆ ಕೊಟ್ಟುಕಳಿಸಿತ್ತು (ಉಳಿದಿದ್ದ ಒಂದು ಚೀಲವನ್ನು ಅದಕ್ಕೆ ಕೊಟ್ಟು ಬಂದಿದ್ದೆ). ಅತ್ತೆ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯಿಂದ ಆಚೆ ಎಸೆಯುತ್ತಾರೆ ಅಂದುಕೊಂಡಿದ್ದೆ. ತಗೊಂಡು ಗೂಡಿನಲ್ಲಿಟ್ಟರು.

ಮಾರನೆಯ ನಸುಕಿನಲ್ಲಿ ಹಿತ್ತಿಲ ಬಾಗಿಲು ತೆಗೆದರೆ ತುಳಸಿಕಟ್ಟೆಯ ಮುಂದೆ ಅತ್ತೆ ಹುಗ್ಗಿ ನೈವೇದ್ಯ ಇಟ್ಟು ಪ್ರದಕ್ಷಿಣೆ ಬರುತ್ತಿದ್ದರು. ಕೆಂಪು ಸೀರೆ, ಸೆರಗಿನ ಕೆಳಗೆ ಕೆಂಪು ಕುಲಾವಿ, ಎಡಗಿವಿಯ ಮೇಲೆ ಪಾದ. ಕಿವಿಯಲ್ಲಿ ಹತ್ತಿ ಇರಲಿಲ್ಲ.

"ಅತ್ತೆ! ಅದು ಕಾಲುಚೀಲ!"

"ಯಾರೇ ಹೇಳಿದ್ದು? ಎಲ್ಲಿ, ಇದರಲ್ಲಿ ನಿನ್ನ ಕಾಲು ತೂರಿಸು ನೋಡೋಣ."

ತೂರುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಿ ಮುಚ್ಚಿಕೊಂಡು ಹುಗ್ಗಿ ತಿಂದೆ.

ಮುಂದಿನ ವರ್ಷ ಕರುಣಮ್ಮನ ಕೈ ನೆಟ್ಟಗಾಗಿತ್ತು. ಆದರೂ ಅವರು ನಮ್ಮ ಮನೆಗೇ ಬಂದರು. ನನ್ನನ್ನು ದಾಟಿಕೊಂಡು ನೇರ ಅತ್ತೆಯ ಹತ್ತಿರ ಹೋದರು. "ಅಜ್ಜಿ, ಮಕ್ಕಳು ನಿಮ್ಮ ಕುಲಾವಿನೇ ಬೇಕು ಅಂತವೆ." ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಧನುರ್ಮಾಸಕ್ಕೆ ಮೊದಲು ಕಾರ್ಖಾನೆ ಶುರುವಾಗುತ್ತಿತ್ತು. ಮೆಷೀನು ತಿರುಗಿಸುವ ಕೂಲಿ ಕೆಲಸ ನನ್ನದು. ಅಡ್ಡ ಹೊಲಿಗೆ ಅತ್ತೆಯದು. ಒಂದು ವರ್ಷ ನನಗೆ ತಡೆಯಲಾಗದೆ, ಸರ್ಟಿಫಿಕೇಟು ಪಡೆದವಳು ನಾನು, ಇದನ್ನು ಶಾಸ್ತ್ರೀಯವಾಗಿ ಮಾಡೋಣ ಅಂತ ಪಾದವನ್ನೇ ತೆಗೆದು ಗುಂಡನೆಯ, ನಾಜೂಕಾದ ಟೋಪಿಗಳನ್ನು ಹೊಲಿದು ಕಳಿಸಿದೆ. ಮಕ್ಕಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರ ಕಾಲೆಲ್ಲಿ?" ಅಂತ ಅತ್ತವಂತೆ. ಅತ್ತೆ ನನ್ನನ್ನು ಬೈದರು. ಪಾದದ ಹೆಸರೆತ್ತಿದರೆ ಶಿವ ಶಿವಾ ಅನ್ನುತ್ತಿದ್ದ ಅದೇ ಅತ್ತೆ, "ಪಾದ ಯಾಕೇ ಕತ್ತರಿಸಿದೆ, ಪಾಪಿ!" ಅಂದರು.

ಅತ್ತೆ ಅರವತ್ತಾರನೇ ಇಸವಿಯಲ್ಲಿ ಹೋದರು, 'ಮಕ್ಕಳದ್ದು ತಪ್ಪಿಸಬೇಡ' ಅಂತ ಹೇಳಿ. ಕೊನೆಯ ಚಳಿಗಾಲದಲ್ಲೂ ಆ ಕುಲಾವಿ ತಲೆಯಿಂದ ತೆಗೆದಿರಲಿಲ್ಲ. ಮನೆಯಲ್ಲಿ ಸೂಜಿಗೆ ದಾರ ಪೋಣಿಸಿಕೊಡು ಅಂತ ಕೇಳುವವರಿಲ್ಲದೆ ಎಷ್ಟೋ ಸಾಯಂಕಾಲ ಕರುಣಮ್ಮ ಮೋಟುಗೋಡೆಯ ಹತ್ತಿರ ಬಂದು ಸುಮ್ಮನೆ ನಿಂತು ಹೋಗುತ್ತಿದ್ದರು. ಆಮೇಲಿನ ಎರಡು ವರ್ಷ ಅತ್ತೆ ಹೊಲಿದಿಟ್ಟಿದ್ದ ಕುಲಾವಿಗಳಲ್ಲೇ ಕಳೆಯಿತು. ಹೋದ ವರ್ಷ ಎಲ್ಲ ಮುಗಿದವು.

ಈ ವರ್ಷ ನಾನೇ ಹೊಲಿಯಲು ಕೂತೆ. ಈ ಹತ್ತು ವರ್ಷದಲ್ಲಿ ಮೆಷೀನು ತಿರುಗಿಸಿ ತಿರುಗಿಸಿ ನನ್ನ ಕೈ ಪಳಗಿದೆ. ಈಗ ನಾನು ಹೊಲಿದದ್ದು ಎಡಕ್ಕೆ ವಾಲುವುದಿಲ್ಲ. ವಠಾರದವರು ರವಿಕೆ ಹೊಲಿಸಲು ಸಾಲು ನಿಲ್ಲುತ್ತಾರೆ. ಅಡ್ಡ ಹೊಲಿಗೆಯನ್ನು ಮೆಷೀನಿಗೆ ಕೊಡಲು ಮನಸ್ಸಾಗದೆ, ಜೋಡಿ ಎಳೆಯ ಬಿಳಿ ದಾರ ತಗೊಂಡು ಕೈಯಿಂದಲೇ ಹಾಕಿದೆ. ಗೀಟು ಎಳೆದ ಹಾಗೆ ನೇರ ಬಂತು. ಅತ್ತೆ ನೋಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ ಅಂದುಕೊಂಡೆ. ಬುಟ್ಟಿ ಹೊರಲು ಯಜಮಾನರನ್ನೇ ಕರೆದುಕೊಂಡು ಗುಬ್ಬಿಗೆ ಹೋದೆ.

ಸುವಾರ್ತ ಈಗ ದೊಡ್ಡ ಹುಡುಗಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವವಳು ಅವಳೇ. ಬುಟ್ಟಿಯಿಂದ ಒಂದನ್ನು ತೆಗೆದು ತುಂಬಿದ್ದನ್ನೆಲ್ಲ ಹೊರಗಿಟ್ಟು ತಲೆಗೆ ಹಾಕಿಕೊಂಡಳು. ಮುಖ ಸಣ್ಣಗೆ ಮಾಡಿದಳು. ಇನ್ನೊಂದು ಹಾಕಿಕೊಂಡಳು. ಅದೂ ಹಾಗೆಯೇ. ಪಾದ ನೆತ್ತಿಯ ಮೇಲೆ ಹುಂಜದ ಜುಟ್ಟಿನ ಹಾಗೆ ನೆಟ್ಟಗೆ ನಿಂತಿತ್ತು.

"ಅಕ್ಕ, ಅಜ್ಜಿ ಹೊಲಿಗೆ ಸೊಟ್ಟಗಿರ್ತಿತ್ತು. ಅದಕ್ಕೇ ಪಾದ ಕಿವಿ ಮೇಲೆ ಬೀಳ್ತಿತ್ತು. ನೀವು ನೇರ ಹೊಲಿದುಬಿಟ್ಟಿದ್ದೀರಿ," ಅಂದಳು. ಬೈಗುಳವಿರಲಿಲ್ಲ ಆ ಮಾತಿನಲ್ಲಿ, ಬರೀ ಬೇಜಾರಿತ್ತು. "ಚಿಕ್ಕವು ಹಾಕ್ಕೊಳಲ್ಲ ಅಕ್ಕ. ಮಿಠಾಯಿ ಅಜ್ಜೀದಲ್ಲ ಅಂತ ಅಳ್ತವೆ."

ಬೆಳಗಾದರೆ ಕ್ರಿಸ್‌ಮಸ್ಸು. ನಾನು ಜಗಲಿಯ ಮೇಲೆ ಕೂತು ಒಂದೊಂದನ್ನೇ ಬಿಚ್ಚಿದೆ. ಯಜಮಾನರು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟರು. ಸೊಟ್ಟಗೆ ಹೊಲಿಯಲು ನೋಡುತ್ತೇನೆ, ನೇರ ಬರುತ್ತದೆ! ಬಿಚ್ಚುತ್ತೇನೆ, ಮತ್ತೆ ಹಾಕುತ್ತೇನೆ, ಮತ್ತೂ ನೇರ! ಮಂಜುಗಣ್ಣಲ್ಲಿ ಆ ಮುದುಕಿ ಅಷ್ಟು ಸಲೀಸಾಗಿ ಹಾಕುತ್ತಿದ್ದ ಹೊಲಿಗೆ ನನ್ನ ಸರ್ಟಿಫಿಕೇಟಿಗೆ ಬಗ್ಗಲಿಲ್ಲ. ಅವರು ನೆನಪಾಗಿ ಕಣ್ಣು ತುಂಬಿಬಂದು ಸೂಜಿಯೇ ಕಾಣದಾಯಿತು.

ಯಜಮಾನರು ದಾರ ಹಲ್ಲಲ್ಲಿ ಕಡಿದು, ಇನ್ನೊಂದು ಸೂಜಿ ನನ್ನ ಕೈಗಿಟ್ಟರು.

"ಅಳ್ಬೇಡ ಶಾರದ," ಅಂದರು ಬಹಳ ಪ್ರೀತಿಯಿಂದ. "ಆ ಪೈಜಾಮ ನೆನಪು ಮಾಡ್ಕೋ, ತಾನಾಗೇ ಬರುತ್ತೆ."